ಒಂದೇ ಅಳತೆಯ ಮೂರು ದಿಂಬು

ಒಂದು ಸೋಮವಾರ ಬೆಳಿಗ್ಗೆ ಎದ್ದಾಗ ನನ್ನ ಕತ್ತು ಬಲಕ್ಕೆ ತಿರುಗಲಿಲ್ಲ. ಎಡಕ್ಕೆ ತಿರುಗುತ್ತಿತ್ತು, ಕೆಳಗೆ ಬಾಗುತ್ತಿತ್ತು, ಬಲಕ್ಕೆ ಮಾತ್ರ ಸುತರಾಂ ಇಲ್ಲ. ಹಿಂಜವಡಿಯ ಆಫೀಸಿಗೆ ಹೋಗುವ ದಾರಿಯಲ್ಲಿ ಬಲಗಡೆಯ ಗಾಡಿ ನೋಡಲು ಸೊಂಟದಿಂದ ಮೇಲಿನ ಇಡೀ ಮೈಯನ್ನು ತಿರುಗಿಸಬೇಕಾಯಿತು. ಪುಣೆಯ ಬೈಕ್ ಸವಾರರ ನಡುವೆ ಅದು ಎಂಥ ಸಾಹಸ ಎಂದು ಇಲ್ಲಿರುವವರಿಗೆ ಹೇಳಬೇಕಾಗಿಲ್ಲ. ಬೆಳಗಿನ ಸ್ಟ್ಯಾಂಡ್-ಅಪ್ ಮೀಟಿಂಗಿನಲ್ಲಿ ನನ್ನ ಬಲಗಡೆ ನಿಂತಿದ್ದ ಹುಡುಗಿ ಏನೋ ಕೇಳಿದಳು. ನಾನು ಎದುರಿನ ಗೋಡೆಯನ್ನೇ ನೋಡುತ್ತ ಉತ್ತರ ಕೊಟ್ಟೆ. ಮೀಟಿಂಗ್ ಮುಗಿದ ಮೇಲೆ ಅವಳು ಮೆಲ್ಲಗೆ ಬಂದು, "ಸರ್, ನನ್ನ ಮೇಲೇನಾದರೂ ಸಿಟ್ಟಾ?" ಅಂದಳು.

ಸಂಜೆ ಮನೆಗೆ ಬಂದು ಹೇಳಿದಾಗ ಅವ್ವ ಒಂದೇ ಮಾತಿನಲ್ಲಿ ಔಷಧಿ ಹೇಳಿದಳು. "ಕುತ್ತಿಗಿ ಹಿಡದೈತಿ. ತಲಿದಿಂಬು ಬಿಸಲಿಗೆ ಇಡು."

ನಿಮ್ಮಲ್ಲಿ ಬಹಳ ಜನ ಈ ಔಷಧಿಯನ್ನು ಕೇಳಿಯೇ ಇರುತ್ತೀರಿ. ಕತ್ತು ಹಿಡಿದರೆ ದಿಂಬನ್ನು ಬಿಸಿಲಿಗೆ ಹಾಕುವುದು. ನೋವು ಕತ್ತಿಗೆ, ಬಿಸಿಲು ದಿಂಬಿಗೆ. ಚಿಕ್ಕವನಿದ್ದಾಗ ಇದೊಂದು ತಮಾಷೆಯಾಗಿ ಕಾಣುತ್ತಿತ್ತು. ಈಗ ತೊಂದರೆ ಬೇರೆಯೇ ಇತ್ತು. ನಮ್ಮ ಏಳನೇ ಮಹಡಿಯ ಬಾಲ್ಕನಿಗೆ ಬಿಸಿಲು ಬರುವುದೇ ಒಂದು ತಾಸು. ಮೇಲಾಗಿ ನನ್ನ ದಿಂಬಿನ ಚೀಟಿಯಲ್ಲಿ ಬಿಸಿಲಿಗೆ ಒಡ್ಡಬಾರದು ಎಂದು ಬರೆದಿತ್ತು. ಅದು ಮೆಮೊರಿ ಫೋಮಿನ ದಿಂಬು.

ಆ ದಿಂಬಿನ ಕಥೆ ಹೇಳಬೇಕು. ಸಮಸ್ಯೆ ಬಂದರೆ ನಾನು ಮೊದಲು ಸ್ಪ್ರೆಡ್‌ಶೀಟ್ ತೆರೆಯುವ ಜಾತಿ. ಎಂಟು ತಿಂಗಳ ಹಿಂದೆ, ಮನೆಯ ಹಳೆಯ ದಿಂಬುಗಳೆಲ್ಲ ಗಂಟು ಗಂಟಾಗಿವೆ ಎಂದು ಹೆಂಡತಿ ಹೇಳಿದಾಗ, ಒಂದು ಶನಿವಾರ ಪೂರ್ತಿ ಕೂತು ಹನ್ನೊಂದು ದಿಂಬುಗಳ ಪಟ್ಟಿ ಮಾಡಿದ್ದೆ. ಬೆಲೆ, ಸಾಂದ್ರತೆ, ಎಷ್ಟು ಜನ ಎಷ್ಟು ನಕ್ಷತ್ರ ಕೊಟ್ಟಿದ್ದಾರೆ, ಎಷ್ಟು ವರ್ಷದ ಗ್ಯಾರಂಟಿ, ಎಲ್ಲಕ್ಕೂ ಒಂದೊಂದು ಕಾಲಂ. ಮೆಮೊರಿ ಫೋಮಿನ ಚರಿತ್ರೆಯನ್ನೂ ಓದಿಕೊಂಡೆ. 1966ರಲ್ಲಿ ಅಮೆರಿಕದ ನಾಸಾದ ಏಮ್ಸ್ ಸಂಶೋಧನಾ ಕೇಂದ್ರಕ್ಕಾಗಿ ಚಾರ್ಲ್ಸ್ ಯೋಸ್ಟ್ ಎಂಬ ಎಂಜಿನಿಯರ್ ವಿಮಾನದ ಆಸನಗಳಿಗೆಂದು ರೂಪಿಸಿದ ವಸ್ತು ಅದು. ಮೈಯ ಬಿಸಿಗೆ ಮೆತ್ತಗಾಗಿ, ಒತ್ತಿದ ಆಕಾರಕ್ಕೆ ಬಗ್ಗಿ, ಒತ್ತಡ ತೆಗೆದ ಮೇಲೆ ನಿಧಾನವಾಗಿ ಮೊದಲಿನಂತಾಗುತ್ತದೆ. ನಾಸಾದ ಹೆಸರು ಕಂಡ ಮೇಲೆ ನನ್ನಂಥವನಿಗೆ ಇನ್ನೇನು ಬೇಕು? ಒಂದು ಬದಿ ಎತ್ತರ, ಒಂದು ಬದಿ ತಗ್ಗು, ನಡುವೆ ಕುಳಿ ಇರುವ 'ಸರ್ವೈಕಲ್' ದಿಂಬು ಗೆದ್ದಿತು. ಎರಡು ಕೊಂಡರೆ ಒಂದು ಉಚಿತ ಎಂಬ ಆಫರ್ ಬೇರೆ. ನನಗೊಂದು, ಹೆಂಡತಿಗೊಂದು, ಅವ್ವನಿಗೊಂದು. ಮೂರೂ ಒಂದೇ ಅಳತೆ.

ಅವ್ವ ಪುಣೆಗೆ ಬಂದು ಆಗ ಹತ್ತು ತಿಂಗಳಾಗಿತ್ತು. ಅಪ್ಪ ಹೋದ ಮೇಲೆ ರಾಣೇಬೆನ್ನೂರಿನ ಮನೆಗೆ ಕೀಲಿ ಹಾಕಿ ಅವಳನ್ನು ಕರೆದುಕೊಂಡು ಬಂದಿದ್ದೆ. ಬಂದಾಗಿನಿಂದ ಅವಳಿಗೆ ನಿದ್ದೆ ಸರಿಯಿಲ್ಲ. ರಾತ್ರಿ ಎರಡಕ್ಕೋ ಮೂರಕ್ಕೋ, ಅಮೆರಿಕದವರ ಜೊತೆ ಕಾಲ್ ಮುಗಿಸಿ ನಾನು ನೀರು ಕುಡಿಯಲು ಬಂದರೆ ಅವಳು ಹಾಸಿಗೆ ಮೇಲೆ ಕೂತಿರುತ್ತಿದ್ದಳು. "ನಿದ್ದಿ ಬರವಲ್ದೇನವ್ವಾ?" ಅಂದರೆ, "ಬರ್ತೈತಿ. ನೀ ಹೋಗಿ ಮಲ್ಕೋ" ಅನ್ನುತ್ತಿದ್ದಳು. ಮುಂಜಾನೆ ಎದ್ದವಳು ಎರಡೂ ಕೈಯಿಂದ ಕತ್ತಿನ ಹಿಂದೆ ಒತ್ತಿಕೊಳ್ಳುತ್ತ ಕೂರುತ್ತಿದ್ದಳು. ಅಪ್ಪ ಹೋದ ದುಃಖ, ಊರು ಬಿಟ್ಟ ದುಃಖ, ಅಂದುಕೊಂಡೆ. ಡಾಕ್ಟರಿಗೆ ತೋರಿಸಿದೆ. ರಕ್ತ ಪರೀಕ್ಷೆ ಮಾಡಿಸಿದೆ. ಸಂಜೆಯ ಚಹಾ ಬಿಡಿಸಿದೆ. ದಿಂಬಿನ ಯೋಚನೆ ಬರಲಿಲ್ಲ. ಅತ್ಯುತ್ತಮ ದಿಂಬು ಕೊಡಿಸಿಬಿಟ್ಟಿದ್ದೆನಲ್ಲ!

ನನ್ನ ಕತ್ತಿಗೆ ಬರುತ್ತೇನೆ. ನಾಲ್ಕು ದಿನ ಕಾದು, ಐದನೇ ದಿನ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಮಧ್ಯವಯಸ್ಸಿನ ಮರಾಠಿ ಹೆಂಗಸು, ಮಾತು ಕಡಿಮೆ. ಕತ್ತು ನೋಡಿ, ಕೈಗೆ ಜೋಮು ಇದೆಯೇ, ಬೆರಳಿನಲ್ಲಿ ಶಕ್ತಿ ಕಡಿಮೆಯಾಗಿದೆಯೇ ಎಂದೆಲ್ಲ ವಿಚಾರಿಸಿ, ಹಾಗೇನೂ ಇಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ, "ನೀವು ಹೇಗೆ ಮಲಗುತ್ತೀರಿ?" ಎಂದು ಕೇಳಿದರು. ನಾನು ದಿಂಬಿನ ಹೆಸರು, ಸಾಂದ್ರತೆ ಹೇಳಲು ಶುರುಮಾಡಿದೆ. ಅವರು ಕೈ ಅಡ್ಡ ಹಿಡಿದು, "ದಿಂಬು ಕೇಳಲಿಲ್ಲ. ನೀವು ಹೇಗೆ ಮಲಗುತ್ತೀರಿ? ಮಗ್ಗುಲಲ್ಲೋ, ಅಂಗಾತವೋ, ಬೋರಲೋ?" ಅಂದರು.

ಮೂವತ್ತೆಂಟು ವರ್ಷದಿಂದ ದಿನಾ ಮಾಡುತ್ತಿರುವ ಕೆಲಸ. ಉತ್ತರ ಗೊತ್ತಿರಲಿಲ್ಲ.

ಅವರು ಹೇಳಿದ್ದನ್ನು ನನಗೆ ಅರ್ಥವಾದಂತೆ ಬರೆಯುತ್ತೇನೆ. ನಾವು ದಿಂಬು ತಲೆಗೆ ಎಂದು ತಿಳಿದಿದ್ದೇವೆ. ನಿಜವಾಗಿ ಅದು ಇರುವುದು ಕತ್ತಿಗೆ. ಕತ್ತಿನಲ್ಲಿ ಏಳು ಮೂಳೆಗಳಿವೆ. ನೆಟ್ಟಗೆ ನಿಂತಾಗ ಅವು ಯಾವ ಸಾಲಿನಲ್ಲಿರುತ್ತವೋ, ಮಲಗಿದಾಗಲೂ ಹೆಚ್ಚುಕಡಿಮೆ ಅದೇ ಸಾಲಿನಲ್ಲಿರಬೇಕು. ಮಲಗಿದಾಗ ಹಾಸಿಗೆಗೂ ತಲೆ-ಕತ್ತಿಗೂ ನಡುವೆ ಒಂದು ಸಂದು ಉಳಿಯುತ್ತದೆ. ಆ ಸಂದನ್ನು ತುಂಬುವುದಷ್ಟೇ ದಿಂಬಿನ ಕೆಲಸ. ಸಂದಿಗಿಂತ ದಿಂಬು ದಪ್ಪವಾದರೆ ಕತ್ತು ಮೇಲಕ್ಕೆ ಬಾಗುತ್ತದೆ, ತೆಳುವಾದರೆ ಕೆಳಕ್ಕೆ ಜೋಲುತ್ತದೆ. ಹಗಲಲ್ಲಿ ಹಾಗೆ ಐದು ನಿಮಿಷ ನಿಂತರೆ ನೋಯುತ್ತದೆ. ರಾತ್ರಿ ಆರೇಳು ತಾಸು ಅದೇ ಭಂಗಿಯಲ್ಲಿದ್ದರೆ?

ಆ ಸಂದು ಎಷ್ಟು ಎಂಬುದು ಮಲಗುವ ರೀತಿಯ ಮೇಲಿದೆ. ಮಗ್ಗುಲಾಗಿ ಮಲಗುವವರಿಗೆ ಭುಜದ ಅಗಲದಷ್ಟು ಸಂದು ಬರುವುದರಿಂದ ದಪ್ಪ ದಿಂಬು ಬೇಕು. ಅಂಗಾತ ಮಲಗುವವರಿಗೆ ಅದಕ್ಕಿಂತ ತಗ್ಗಿನದು, ಕತ್ತಿನ ಕೆಳಗೆ ಸ್ವಲ್ಪ ತುಂಬಿಕೊಂಡಿದ್ದರೆ ಸಾಕು. ಬೋರಲು ಮಲಗುವವರಿಗೆ ತೀರ ತೆಳುವಾದದ್ದು, ಅಥವಾ ಏನೂ ಬೇಡ. ಆ ಭಂಗಿಯಲ್ಲಿ ಕತ್ತು ಹೇಗೂ ಒಂದು ಬದಿಗೆ ತಿರುಚಿಕೊಂಡಿರುತ್ತದೆ, ಮೇಲೆ ದಪ್ಪ ದಿಂಬು ಇಟ್ಟರೆ ಹಿಂದಕ್ಕೂ ಬಾಗುತ್ತದೆ.

ಎರಡನೆಯದು ಹಾಸಿಗೆ. ಇದನ್ನು ನನ್ನ ಸ್ಪ್ರೆಡ್‌ಶೀಟು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಹಾಸಿಗೆ ಮೆತ್ತಗಿದ್ದರೆ ಭುಜ ಒಳಗೆ ಇಳಿಯುತ್ತದೆ, ಸಂದು ಕಡಿಮೆಯಾಗುತ್ತದೆ, ತಗ್ಗಿನ ದಿಂಬು ಸಾಕು. ಗಟ್ಟಿ ಗಾದಿಯ ಮೇಲೋ ಚಾಪೆಯ ಮೇಲೋ ಅದೇ ಮನುಷ್ಯನಿಗೆ ಹೆಚ್ಚು ಎತ್ತರ ಬೇಕು. ಊರಿಗೆ ಹೋದಾಗ ಅಲ್ಲಿಯ ದಿಂಬು ನಮಗೆ ಒಗ್ಗುವುದಿಲ್ಲ, ಊರಿನವರಿಗೆ ಇಲ್ಲಿಯದು ಒಗ್ಗುವುದಿಲ್ಲ. ದೂರುವುದು ದಿಂಬನ್ನು. ಹಾಸಿಗೆ ಬದಲಾದದ್ದನ್ನು ಯಾರೂ ಗಮನಿಸುವುದಿಲ್ಲ.

ಮನೆಯಲ್ಲೇ ಅಳೆಯುವ ಉಪಾಯವನ್ನೂ ಹೇಳಿಕೊಟ್ಟರು. ಗೋಡೆಗೆ ಒಂದು ಭುಜ ತಾಗಿಸಿ ನೆಟ್ಟಗೆ ನಿಲ್ಲಿ. ತಲೆ ವಾಲಬಾರದು. ಗೋಡೆಯಿಂದ ತಲೆಯ ಬದಿಯವರೆಗೆ, ಅಂದರೆ ಕಿವಿಯ ಮೇಲ್ಭಾಗದವರೆಗೆ, ಇನ್ನೊಬ್ಬರು ಟೇಪಿನಿಂದ ಅಳೆಯಲಿ. ಗಟ್ಟಿ ಹಾಸಿಗೆಯ ಮೇಲೆ ಮಗ್ಗುಲಾಗಿ ಮಲಗಲು ನಿಮಗೆ ಬೇಕಾದ ಎತ್ತರ ಹೆಚ್ಚುಕಡಿಮೆ ಅಷ್ಟು. ಹಾಸಿಗೆ ಮೆತ್ತಗಿದ್ದರೆ ಭುಜ ಎಷ್ಟು ಇಳಿಯುತ್ತದೋ ಅಷ್ಟನ್ನು ಕಳೆಯಿರಿ. ಇನ್ನೊಂದು ಮಾತು: ಅಂಗಡಿಯಲ್ಲಿ ಕಾಣುವ ಎತ್ತರವನ್ನು ನಂಬಬೇಡಿ. ನಮ್ಮ ತಲೆ ನಾಲ್ಕೂವರೆಯಿಂದ ಐದು ಕಿಲೋ ತೂಗುತ್ತದೆ. ಲೆಕ್ಕಕ್ಕೆ ಬರುವುದು ಆ ಭಾರ ಬಿದ್ದ ಮೇಲೆ ಉಳಿಯುವ ಎತ್ತರ.

ಕೊನೆಗೆ ಅವರು ಕೇಳಿದರು, "ಈ ದಿಂಬು ಮನೆಯಲ್ಲಿ ಇನ್ನೂ ಯಾರಿಗೆ ಕೊಟ್ಟಿದ್ದೀರಿ?"

"ಹೆಂಡತಿಗೆ. ತಾಯಿಗೆ."

"ತಾಯಿ ಹೇಗೆ ಮಲಗುತ್ತಾರೆ?"

"ಏನೋ, ಸುಮಾರಾಗಿ ಮಲಗುತ್ತಾರೆ," ಅಂದೆ. ಅವರು ನಕ್ಕುಬಿಟ್ಟರು. ಅವರು ಕೇಳಿದ್ದು ಯಾವ ಮಗ್ಗುಲಿಗೆ ಎಂದು. ನನಗೆ ಅದೂ ಗೊತ್ತಿರಲಿಲ್ಲ.

ಆ ರಾತ್ರಿ ಕಾಲ್ ಮುಗಿದ ಮೇಲೆ ಮೆಲ್ಲಗೆ ಅವ್ವನ ಕೋಣೆಗೆ ಹೋದೆ. ಮಗಳು ಅಜ್ಜಿಯ ಪಕ್ಕದಲ್ಲಿ ಕೈಕಾಲು ಚೆಲ್ಲಿ ಮಲಗಿದ್ದಳು. ಅವ್ವ ಎಡ ಮಗ್ಗುಲಾಗಿ, ಮೊಣಕಾಲು ಮಡಚಿಕೊಂಡು, ಚಿಕ್ಕದಾಗಿ ಮಲಗಿದ್ದಳು. ತಲೆಯ ಕೆಳಗೆ ದಿಂಬು ಇರಲಿಲ್ಲ. ಮಡಿಕೆ ಮಾಡಿದ ಹಳೆಯ ಇಳಕಲ್ ಸೀರೆ ಇತ್ತು.

ಬೆಳಿಗ್ಗೆ ನೋಡಿದರೆ ದಿಂಬು ಕಪಾಟಿನ ಮೇಲಿನ ಅರೆಯಲ್ಲಿ, ಬಂದ ಚೀಲದಲ್ಲೇ ಇದೆ.

"ಯಾಕವ್ವಾ, ದಿಂಬು ಚಲೋ ಇಲ್ಲೇನು?"

"ಚಲೋ ಐತಪಾ. ರೊಕ್ಕ ಬಾಳ ಬಿದ್ದಿರ್ತಾವು. ಹೊಲಸ ಆಗಬಾರ್ದಂತ ಎತ್ತಿಟ್ಟೀನಿ."

"ಖರೇ ಹೇಳವ್ವ."

ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: "ಅದು ತಲಿ ಎತ್ತಿ ಹಿಡಿತೈತಿ, ತಮ್ಮಾ. ಮುಂಜಾನಿ ಎದ್ದರ ಕುತ್ತಿಗಿ ಹಿಂದ ಹುರಿ ಬಿಗದಂಗ ಆಕ್ಕೈತಿ. ನೀ ಪ್ರೀತಿಲೇ ತಂದಿದ್ದಿ. ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ."

ದಿಂಬು ತಂದ ಒಂದು ವಾರಕ್ಕೆ ಅವಳು ಅದನ್ನು ಎತ್ತಿಟ್ಟಿದ್ದಳು. ಎಂಟು ತಿಂಗಳು ಸೀರೆಯ ಮಡಿಕೆಯ ಮೇಲೆ ಮಲಗಿದ್ದಳು. ಒಂದು ರಾತ್ರಿ ಮಡಿಕೆ ಬಿಚ್ಚಿಕೊಳ್ಳುತ್ತಿತ್ತು, ಒಂದು ರಾತ್ರಿ ತಗ್ಗಾಗುತ್ತಿತ್ತು, ಎದ್ದು ಮತ್ತೆ ಮಡಚುತ್ತಿದ್ದಳು. ನಾನು ರಾತ್ರಿ ಎರಡಕ್ಕೆ ನೋಡುತ್ತಿದ್ದದ್ದು ಅದನ್ನೇ ಇರಬೇಕು.

ಗೋಡೆಗೆ ನಿಲ್ಲಿಸಿ ಅಳೆದೆವು. ಮಗಳೇ ಟೇಪು ಹಿಡಿದಳು. ನನ್ನದು 16 ಸೆಂಟಿಮೀಟರ್. ಅವ್ವನದು 11. ಅವ್ವನ ಮಂಚಕ್ಕೆ ನಾನು ಹಾಕಿಸಿದ್ದು ಎಂಟು ಇಂಚಿನ ಮೆತ್ತನೆಯ ಫೋಮಿನ ಹಾಸಿಗೆ. ಅದರಲ್ಲಿ ಭುಜ ಮೂರು ಸೆಂಟಿಮೀಟರಾದರೂ ಇಳಿಯುತ್ತದೆ. ಅಂದರೆ ಅವಳಿಗೆ ಬೇಕಾದದ್ದು 8. ನಾನು ಕೊಟ್ಟ ದಿಂಬಿನ ಎತ್ತರದ ಬದಿ 12, ಬೇಗ ಬಗ್ಗುವಂಥದ್ದೂ ಅಲ್ಲ. ಅದೇ ದಿಂಬು ನನ್ನ ಗಟ್ಟಿ ಹಾಸಿಗೆಯ ಮೇಲೆ ನನಗೆ ಸಾಲದು. ಅವಳ ಕತ್ತು ಮೇಲಕ್ಕೆ, ನನ್ನದು ಕೆಳಕ್ಕೆ. ಹೆಂಡತಿ ಮಲಗುವುದು ಬೋರಲು. ಅವಳು ರಾತ್ರಿ ದಿಂಬನ್ನು ನೆಲಕ್ಕೆ ಎಸೆಯುತ್ತಿದ್ದಳು, ನಾನು ಬೆಳಿಗ್ಗೆ ಎತ್ತಿ ಇಡುತ್ತಿದ್ದೆ. "ಎಂಟು ತಿಂಗಳಿಂದ ಎಸೀತಿದ್ದೀನಿ, ಈಗ ಅರ್ಥ ಆಯ್ತಾ?" ಅಂದಳು. ಸಾವಿರಾರು ಜನ ಐದು ನಕ್ಷತ್ರ ಕೊಟ್ಟ ದಿಂಬು ನಮ್ಮ ಮನೆಯ ಮೂರು ತಲೆಗಳಲ್ಲಿ ಒಂದಕ್ಕೂ ಹೊಂದಿರಲಿಲ್ಲ. ಆ ನಕ್ಷತ್ರ ಕೊಟ್ಟವರ ಭುಜ ಬೇರೆ, ಹಾಸಿಗೆ ಬೇರೆ.

ಊರಿನ ಮನೆಯಲ್ಲಿ ಅವ್ವನದೇ ಒಂದು ದಿಂಬಿತ್ತು. ಜಯಧರ ಹತ್ತಿಯದು. ಧಾರವಾಡ, ಹಾವೇರಿ ಸೀಮೆಯವರಿಗೆ ಈ ಹೆಸರು ಗೊತ್ತು. ಗಿಡ್ಡ ಎಳೆಯ ದೇಸಿ ಹತ್ತಿ, ನೂಲಿಗಿಂತ ಗಾದಿಗೇ ಚಲೋ ಎಂದು ಅಪ್ಪ ಹೇಳುತ್ತಿದ್ದರು. ಎರಡು ಮೂರು ವರ್ಷಕ್ಕೊಮ್ಮೆ ಪಿಂಜಾರ ಬರುತ್ತಿದ್ದ. ದಿಂಬು ಬಿಚ್ಚಿ, ಗಂಟಾದ ಹತ್ತಿಯನ್ನು ಪಡಸಾಲೆಯಲ್ಲಿ ರಾಶಿ ಹಾಕಿ, ಆಳೆತ್ತರದ ಬಿಲ್ಲಿನ ನರಕ್ಕೆ ಕಟ್ಟಿಗೆಯ ಗುಂಡಿನಿಂದ ಹೊಡೆದು ಹಿಂಜುತ್ತಿದ್ದ. ಆ ಟಂಯ್ ಟಂಯ್ ಸದ್ದು ಓಣಿಯ ಕೊನೆಗೂ ಕೇಳುತ್ತಿತ್ತು. ಒಂದು ಹಿಡಿ ಹತ್ತಿ ಒಂದು ಬುಟ್ಟಿಯಷ್ಟಾಗುತ್ತಿತ್ತು. ತಿರುಗಿ ತುಂಬುವಾಗ ಅವ್ವ ಎದುರಿಗೆ ಕೂತು, "ಇನ್ನೊಂದೀಟು ಹಾಕು, ಸಾಕು, ತಗಿ" ಎಂದು ಹೇಳುತ್ತಿದ್ದಳು. ನಾವು ಮಕ್ಕಳು ಹತ್ತಿಯ ರಾಶಿಯಲ್ಲಿ ಬಿದ್ದು ಬೈಸಿಕೊಳ್ಳುತ್ತಿದ್ದೆವು. ಅವಳು ತನ್ನ ಅಳತೆಗೆ ದಿಂಬು ಮಾಡಿಸಿಕೊಳ್ಳುತ್ತಿದ್ದಳು ಎಂದು ಈಗ ಹೊಳೆಯುತ್ತದೆ.

ಮನೆ ಖಾಲಿ ಮಾಡುವಾಗ, ಅಪ್ಪನ ಹಾಸಿಗೆಯ ಜೊತೆ ಅವ್ವನ ಗಾದಿ, ದಿಂಬುಗಳನ್ನೂ ಹೊರಗೆ ಹಾಕಿದವನು ನಾನೇ. ಪುಣೆಯಲ್ಲಿ ಹೊಸದು ಕೊಡಿಸುತ್ತೇನೆ, ಈ ಹಳೆಯ ಗಂಟು ಯಾಕೆ ಅಂದಿದ್ದೆ. ಅವ್ವ ಏನೂ ಅನ್ನಲಿಲ್ಲ. ಒಪ್ಪಿಗೆ ಎಂದು ತಿಳಿದುಕೊಂಡೆ.

ಬಿಸಿಲಿನ ಔಷಧಿಯ ಗುಟ್ಟೂ ಈಗ ಅರ್ಥವಾಯಿತು. ಹತ್ತಿ ಬೆವರನ್ನು, ತೇವವನ್ನು ಹೀರಿಕೊಂಡು ತಲೆಯ ಭಾರಕ್ಕೆ ಒತ್ತಿ ಕೂತುಬಿಡುತ್ತದೆ. ದಿಂಬಿನ ಎತ್ತರ ಇಳಿಯುತ್ತದೆ, ಕತ್ತು ಹಿಡಿಯುತ್ತದೆ. ಒಂದು ದಿನ ಬಿಸಿಲಿಗೆ ಹಾಕಿ, ಮಗುಚಿ, ಕೈಯಿಂದ ಬಡಿದರೆ ಒಣಗಿ ಉಬ್ಬುತ್ತದೆ. ಎತ್ತರ ತಿರುಗಿ ಬರುತ್ತದೆ. ನಕ್ಕವನು ನಾನು, ಲೆಕ್ಕ ಸರಿ ಇದ್ದದ್ದು ಅವ್ವನದು. ಆದರೆ ಇದು ಹತ್ತಿಗೆ ಮಾತ್ರ. ಫೋಮನ್ನು ಬಿಸಿಲಿಗಿಟ್ಟರೆ ಹಳದಿಯಾಗಿ ಪುಡಿಯಾಗಲು ಶುರುವಾಗುತ್ತದೆ. ಅದನ್ನು ನೆರಳಲ್ಲಿ ಗಾಳಿಗೆ ಇಡಬೇಕು, ವಾಷಿಂಗ್ ಮಷಿನ್ನಿಗೆ ಹಾಕಬಾರದು.

ಒಳಗೆ ಏನು ತುಂಬಿದೆ ಎನ್ನುವುದರ ಬಗ್ಗೆಯೂ ಎರಡು ಮಾತು. ಪಾಲಿಯೆಸ್ಟರ್ ಫೈಬರ್ ಅಗ್ಗ, ಹಗುರ, ತೊಳೆಯಬಹುದು. ಬೇಗ ಚಪ್ಪಟೆಯಾಗುತ್ತದೆ. ಅದನ್ನು ನಡುವೆ ಮಡಚಿ ಬಿಡಿ. ತಾನೇ ಬಿಚ್ಚಿಕೊಳ್ಳದೆ ಮಡಚಿಕೊಂಡೇ ಬಿದ್ದಿದ್ದರೆ ಅದರ ಆಯುಷ್ಯ ಮುಗಿಯಿತು ಎಂದರ್ಥ. ಮೆಮೊರಿ ಫೋಮ್ ಆಕಾರ ಹಿಡಿದುಕೊಳ್ಳುತ್ತದೆ, ಆದರೆ ಸೆಕೆಗೆ ಬಿಸಿಯಾಗುತ್ತದೆ, ಪುಣೆಯ ಡಿಸೆಂಬರ್ ಚಳಿಗೆ ಗಟ್ಟಿಯಾಗುತ್ತದೆ. ಮುಂಬೈ, ಚೆನ್ನೈಯಲ್ಲಿ ಎಸಿ ಇಲ್ಲದೆ ಮಲಗುವವರು ಯೋಚಿಸಿ ಕೊಳ್ಳಿ. ಲೇಟೆಕ್ಸ್ ಪುಟಿಯುತ್ತದೆ, ಬಾಳಿಕೆ ಚೆನ್ನ, ಬೆಲೆ ಹೆಚ್ಚು. ರಬ್ಬರಿನ ಹಾಲಿಗೆ ಅಲರ್ಜಿ ಇರುವವರಿಗೆ ಬೇಡ. ಬೂರುಗದ ಹತ್ತಿಯ ಎಳೆ ಒಳಗೆ ಟೊಳ್ಳು, ಮೇಲೆ ಮೇಣದ ಲೇಪ. ಅದಕ್ಕೇ ಅಷ್ಟು ಹಗುರ, ನೀರು ಹಿಡಿಯುವುದಿಲ್ಲ. ಹಿಂದೆ ಹಡಗಿನವರ ಲೈಫ್ ಜಾಕೆಟ್ಟುಗಳಲ್ಲೂ ಅದನ್ನೇ ತುಂಬುತ್ತಿದ್ದರು. ತಂಪು, ಮೆತ್ತಗೆ, ಆದರೆ ಒಗೆಯಲಾಗದು, ಕಾಲಕ್ರಮೇಣ ಪುಡಿಯಾಗುತ್ತದೆ. ಹತ್ತಿ ಭಾರ, ಗಟ್ಟಿ, ಗಂಟಾಗುತ್ತದೆ. ಆದರೆ ಇವೆಲ್ಲದರಲ್ಲಿ ಬಿಚ್ಚಿ, ಹಿಂಜಿ, ಬೇಕಾದಷ್ಟು ಹಾಕಿ ತೆಗೆದು ಮತ್ತೆ ಹೊಸದು ಮಾಡಿಕೊಳ್ಳಲು ಅದರಷ್ಟು ಸುಲಭವಾದದ್ದು ಇಲ್ಲ.

ಪುಣೆಯಲ್ಲಿ ಇನ್ನೂ 'ಗಾದಿ ಕಾರಖಾನಾ' ಎಂಬ ಬೋರ್ಡಿನ ಅಂಗಡಿಗಳಿವೆ. ದಿನಾ ಅಂಥ ಒಂದು ಅಂಗಡಿಯ ಮುಂದೆಯೇ ಬೈಕಿನಲ್ಲಿ ಹೋಗುತ್ತಿದ್ದೆ, ಎಂದೂ ನಿಂತಿರಲಿಲ್ಲ. ಒಂದು ಭಾನುವಾರ ಅವ್ವನನ್ನು ಕರೆದುಕೊಂಡು ಹೋದೆ. ಗಾದಿ ಎಂಬ ಮಾತು ನಮಗೂ ಮರಾಠಿಯವರಿಗೂ ಒಂದೇ. ದಿಂಬಿಗೆ ಅವರು 'ಉಶಿ' ಅನ್ನುತ್ತಾರೆ, ಬೂರುಗಕ್ಕೆ 'ಸಾವರಿ'. ಬಿಲ್ಲಿನ ಜಾಗದಲ್ಲಿ ಈಗ ಮಷಿನ್ನು ಗರಗರ ಅನ್ನುತ್ತಿತ್ತು. ಹತ್ತಿಯ ವಾಸನೆ ಮಾತ್ರ ಅದೇ.

ಅಂಗಡಿಯವರು ಸಾವರಿ ಬೇಕೋ ಕಾಪೂಸ ಬೇಕೋ ಅಂದರು. ಅವ್ವ ಉತ್ತರ ಕೊಡದೆ ನೇರ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಹತ್ತಿ ತೆಗೆದಳು. ಎರಡು ಬೆರಳಲ್ಲಿ ಎಳೆದಳು, ಮೂಸಿದಳು. "ಇದು ಹಳೇದು. ಯಾರದರ ಗಾದ್ಯಾಗ ಇದ್ದ ಹತ್ತಿ," ಅಂದಳು ಕನ್ನಡದಲ್ಲೇ. ನಾನು ಅನುವಾದ ಮಾಡುವ ಮೊದಲೇ ಅವರು ನಕ್ಕು ಒಳಗಿನಿಂದ ಇನ್ನೊಂದು ಚೀಲ ತಂದರು. ನೀವೂ ಮಾಡಿಸುವುದಾದರೆ ಇದನ್ನು ನೆನಪಿಡಿ. ಹೊಸ ಹತ್ತಿ ಕೆನೆ ಬಣ್ಣಕ್ಕಿರುತ್ತದೆ, ಎಳೆದರೆ ಎಳೆ ಕಾಣುತ್ತದೆ. ಬೂದು ಬಣ್ಣ, ಬಣ್ಣಬಣ್ಣದ ನೂಲಿನ ಚೂರು ಕಂಡರೆ ಅದು ಚಿಂದಿ ಬೆರೆತದ್ದು. ನಿಮ್ಮ ಕಣ್ಣೆದುರೇ ತುಂಬಿಸಿ.

ಮನೆಯಲ್ಲಿ ಹಾಸಿಗೆ ಎಂಥದು ಎಂದು ಅವರೂ ಕೇಳಿದರು. ಫೋಮಿನದು ಎಂದಾಗ ತಲೆಯಾಡಿಸಿದರು. ಕೊನೆಗೆ ದಿಂಬಿಗೆಂದು ಹೋದವರು ಅವ್ವನ ಮಂಚಕ್ಕೆ ನಾಲ್ಕು ಇಂಚಿನ ಹತ್ತಿಯ ಗಾದಿಯನ್ನೂ ಆರಿಸಿದೆವು. ಫೋಮಿನ ಹಾಸಿಗೆಯಿಂದ ಏಳುವಾಗ ಕೈ ಊರಿದರೆ ಊರಿದಲ್ಲೇ ಇಳಿಯುತ್ತದೆ ಎಂಬ ದೂರೂ ಆಗ ಹೊರಗೆ ಬಂತು.

ದಿಂಬಿನ ಖೋಲಿಗೆ ಹತ್ತಿ ತುಂಬಿ, ಬಾಯಿ ಹೊಲಿಯದೆ ಅವರು ಅವ್ವನ ಕೈಗೆ ಕೊಟ್ಟರು. ಅವ್ವ ಅದನ್ನು ಒತ್ತಿ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, ಅಂಗಡಿಯ ಮುಂದೆ ಹಾಸಿದ್ದ ಆ ಹೊಸ ಗಾದಿಯ ಮೇಲೆ, ರಸ್ತೆಗೆ ಮುಖ ಮಾಡಿ, ಎಡ ಮಗ್ಗುಲಾಗಿ ಮಲಗಿಬಿಟ್ಟಳು. ಹಾದಿಯಲ್ಲಿ ಹೋಗುವವರು ನೋಡುತ್ತಿದ್ದರು. ನನಗೆ ಸಂಕೋಚವಾಯಿತು. ಅವಳಿಗೆ ಇಲ್ಲ.

"ನೋಡು, ನೆಟ್ಟಗೈತೇನು?"

ನಾನು ಎದುರಿಗೆ ಕುಕ್ಕರಗಾಲಲ್ಲಿ ಕೂತು ನೋಡಿದೆ. ಹಣೆ, ಮೂಗು, ಗದ್ದ, ಎದೆಯ ನಡುವಿನ ಮೂಳೆ ಒಂದೇ ಗೆರೆಯಲ್ಲಿದ್ದು, ಆ ಗೆರೆ ಹಾಸಿಗೆಗೆ ಸಮನಾಗಿರಬೇಕು ಎಂದು ಫಿಸಿಯೋಥೆರಪಿಸ್ಟ್ ಹೇಳಿದ್ದರು. ಮೂಗು ಸ್ವಲ್ಪ ಮೇಲಕ್ಕಿತ್ತು. "ಇನ್ನೊಂದೀಟು ತಗೀಬೇಕು," ಅಂದೆ. ಅಂಗಡಿಯವರು ಎರಡು ಹಿಡಿ ತೆಗೆದರು. ಮತ್ತೆ ಮಲಗಿದಳು. ಮತ್ತೆ ಒಂದು ಹಿಡಿ. ಮೂರನೇ ಸಲಕ್ಕೆ ಗೆರೆ ನೆಟ್ಟಗಾಯಿತು. ಭುಜ ದಿಂಬಿನ ಹೊರಗೆ, ಕತ್ತು ದಿಂಬಿನ ಮೇಲೆ. ಅವಳು ಕಣ್ಣು ಮುಚ್ಚಿದಳು. ಎದುರಿಗೆ ಪಿಎಂಪಿಎಂಎಲ್ ಬಸ್ಸು ಹಾರ್ನು ಹೊಡೆಯುತ್ತ ಹೋಯಿತು. ಅವ್ವನ ಮುಖವನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ.

"ಸರಿ ಆತು," ಅಂದೆ.

"ಇನ್ನೊಂದು ಹಿಡಿ ಹಾಕಾಕ ಹೇಳು," ಅಂದಳು ಕಣ್ಣು ಬಿಡದೆ. "ಹತ್ತಿ ತಿಂಗಳಾಗೂದರಾಗ ಕೂಡತೈತಿ."

ಆ ಲೆಕ್ಕ ನನಗೂ ಹೊಳೆದಿರಲಿಲ್ಲ, ಫಿಸಿಯೋಥೆರಪಿಸ್ಟರೂ ಹೇಳಿರಲಿಲ್ಲ.

ಇದು ನಡೆದು ಮೂರು ತಿಂಗಳಾಯಿತು. ನಾನು ಗಟ್ಟಿಯಾದ, ಎತ್ತರದ ಲೇಟೆಕ್ಸ್ ದಿಂಬಿಗೆ ಬದಲಾಯಿಸಿಕೊಂಡಿದ್ದೇನೆ, ಫಿಸಿಯೋಥೆರಪಿಸ್ಟ್ ಹೇಳಿದ ವ್ಯಾಯಾಮ ಮಾಡುತ್ತಿದ್ದೇನೆ. ಕತ್ತು ಎರಡೂ ಕಡೆ ತಿರುಗುತ್ತದೆ. ಹೆಂಡತಿಗೆ ತೆಳ್ಳಗಿನ ಬೂರುಗದ ದಿಂಬು, ಅದು ಈಗ ನೆಲಕ್ಕೆ ಬೀಳುತ್ತಿಲ್ಲ. ಅವ್ವ ಮುಂಜಾನೆ ಕತ್ತು ಒತ್ತಿಕೊಳ್ಳುತ್ತ ಕೂರುವುದು ಎರಡು ವಾರದಲ್ಲಿ ನಿಂತಿತು.

ನಿದ್ದೆ ಪೂರ್ತಿ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೊನ್ನೆಯೂ ಮೂರೂವರೆಗೆ ಎದ್ದು ಕೂತಿದ್ದಳು. ದಿಂಬು ಸರಿಯಿಲ್ಲವೇ ಎಂದು ಕೇಳಿದೆ. "ದಿಂಬು ಚಲೋ ಐತಿ. ನಿಮ್ಮಪ್ಪ ಗೊರಕಿ ಹೊಡೀತಿದ್ದಾ. ಆ ಸಪ್ಪಳ ಇಲ್ಲದ್ದಕ್ಕ ಎಚ್ಚರಾಗತೈತಿ," ಅಂದಳು. ಇದನ್ನು ಅಳೆಯುವ ಟೇಪು ನನ್ನ ಹತ್ತಿರ ಇಲ್ಲ. ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತೆ. ಅವಳು ಅಪ್ಪನ ಗೊರಕೆಯ ಬಗ್ಗೆ ಎರಡು ಕಥೆ ಹೇಳಿದಳು. ಆದರೆ ಒಂದೂವರೆ ವರ್ಷ ನಾನು ಕತ್ತಿನ ನೋವನ್ನೂ ದುಃಖದ ಲೆಕ್ಕಕ್ಕೇ ಬರೆದುಕೊಂಡಿದ್ದೆ. ಎರಡನ್ನೂ ಬೇರೆ ಮಾಡಿದ ಮೇಲೆ ಅವಳ ಪಾಲಿನ ಭಾರ ಅಷ್ಟಾದರೂ ಕಡಿಮೆಯಾಯಿತು.

ಮುಗಿಸುವ ಮೊದಲು ಕೆಲವು ಎಚ್ಚರಿಕೆ. ಕತ್ತು ನೋವಿನ ಜೊತೆ ಕೈಗೆ ಜೋಮು, ಬೆರಳಿನಲ್ಲಿ ಬಲಹೀನತೆ, ಜ್ವರ, ನಡೆಯುವಾಗ ತಡವರಿಕೆ ಇದ್ದರೆ, ಅಥವಾ ಬಿದ್ದು ಪೆಟ್ಟಾಗಿದ್ದರೆ ದಿಂಬು ಬದಲಿಸುತ್ತ ಕೂರಬೇಡಿ, ಡಾಕ್ಟರನ್ನು ನೋಡಿ. ಗೊರಕೆಯ ನಡುವೆ ಉಸಿರು ಕಟ್ಟಿದಂತಾಗುವವರಿಗೂ ಇದೇ ಮಾತು. ಎದೆಯುರಿ ಇರುವವರು ಎರಡು ಮೂರು ದಿಂಬು ಪೇರಿಸಿದರೆ ಕತ್ತು ಬಾಗುತ್ತದೆ, ಉರಿ ಹೋಗುವುದಿಲ್ಲ. ಮಂಚದ ತಲೆಭಾಗವನ್ನೇ ಎತ್ತರಿಸಬೇಕು. ಒಂದು ವರ್ಷದೊಳಗಿನ ಕೂಸಿಗೆ ಯಾವ ದಿಂಬೂ ಬೇಡ. ನನ್ನ ಮಗಳಿಗೆ ಅವ್ವ ಸಾಸಿವೆಯ ದಿಂಬು ಹೊಲಿದಿದ್ದಳು. ಮಕ್ಕಳ ಡಾಕ್ಟರು ಬೇಡವೆಂದಾಗ ಬೇಸರವಾದರೂ ಒಪ್ಪಿಕೊಂಡಳು.

ನಮ್ಮಂಥ ಹೊರನಾಡಿನವರ ಮನೆಗಳಲ್ಲಿ ಊರಿನಿಂದ ಬಂದ ಒಬ್ಬ ತಾಯಿಯೋ ತಂದೆಯೋ ಇರುತ್ತಾರೆ. ನಾವು ಕೊಡಿಸಿದ್ದೆಲ್ಲ ಚೆನ್ನಾಗಿದೆ ಎನ್ನುತ್ತಾರೆ. ಇವತ್ತು ರಾತ್ರಿ ಅವರು ಮಲಗಿದ ಮೇಲೆ ಒಮ್ಮೆ ಹೋಗಿ ನೋಡಿ. ಯಾವ ಮಗ್ಗುಲಿಗೆ ಮಲಗಿದ್ದಾರೆ, ತಲೆಯ ಕೆಳಗೆ ಏನಿದೆ, ಮೂಗಿನ ಗೆರೆ ನೆಟ್ಟಗಿದೆಯೇ ನೋಡಿ. ಕಪಾಟಿನ ಮೇಲಿನ ಅರೆಯನ್ನೂ ನೋಡುವುದನ್ನು ಮರೆಯಬೇಡಿ.